ಮೊದಲು ಫೇಲ್ ಆಗಲಿ: ಎರರ್‌ಗಳನ್ನು ಹಿಡಿಯಲು ಟಿಡಿಡಿ ಬಳಸುವ ಸಮಗ್ರ ಮಾರ್ಗದರ್ಶಿ

ಬರೆದ ಕೋಡ್ ಮೊದಲ ಸಲಕ್ಕೇ ಸರಿಯಾಗಿ ಓಡಿದರೆ ಖುಷಿಗಿಂತ ಅನುಮಾನವೇ ಜಾಸ್ತಿ ಬರುತ್ತದೆ, ಅಲ್ವಾ? ಆ ಅನುಮಾನ ಒಳ್ಳೆಯದೇ. ಟೆಸ್ಟ್ ಡ್ರಿವನ್ ಡೆವಲಪ್‌ಮೆಂಟ್, ಅಂದರೆ ಟಿಡಿಡಿ, ಆ ಅನುಮಾನವನ್ನೇ ಒಂದು ಕೆಲಸದ ಪದ್ಧತಿಯಾಗಿ ಮಾಡಿಕೊಂಡಿದೆ. ಕೋಡ್‌ಗಿಂತ ಮುಂಚೆ ಟೆಸ್ಟ್ ಬರೆಯುತ್ತೀರಿ, ಅಂದರೆ ಆ ಕೋಡ್ ಸರಿಯಾದ ಉತ್ತರ ಕೊಡುತ್ತದೆಯೇ ಎಂದು ನೋಡುವ ಚಿಕ್ಕ ಕೋಡ್. ಅದು ಫೇಲ್ ಆಗುವುದನ್ನು ಕಣ್ಣಾರೆ ನೋಡುತ್ತೀರಿ. ಆಮೇಲೆ ಅದು ಪಾಸ್ ಆಗುವಷ್ಟು ಮಾತ್ರ ಕೋಡ್ ಬರೆಯುತ್ತೀರಿ. ಕೊನೆಗೆ ಕೋಡನ್ನು ಚೊಕ್ಕ ಮಾಡುತ್ತೀರಿ. ಟೆಸ್ಟ್ ಫೇಲ್ ಆದರೆ ಕೆಂಪು, ಪಾಸ್ ಆದರೆ ಹಸಿರು, ಚೊಕ್ಕ ಮಾಡುವುದು ರಿಫ್ಯಾಕ್ಟರ್. ಇದಕ್ಕೇ ರೆಡ್, ಗ್ರೀನ್, ರಿಫ್ಯಾಕ್ಟರ್ ಅನ್ನುವುದು.

ಇದನ್ನು ಜನಪ್ರಿಯ ಮಾಡಿದವರು ಕೆಂಟ್ ಬೆಕ್ ಎಂಬ ಪ್ರೋಗ್ರಾಮರ್. ಅವರು ಮೊದಲು ಸ್ಮಾಲ್‌ಟಾಕ್ ಭಾಷೆಗಾಗಿ ಎಸ್‌ಯುನಿಟ್ ಎಂಬ ಟೆಸ್ಟ್ ಫ್ರೇಮ್‌ವರ್ಕ್ ಬರೆದರು. 1997ರಲ್ಲಿ ಎರಿಕ್ ಗಾಮಾ ಎಂಬ ಇನ್ನೊಬ್ಬ ಪ್ರೋಗ್ರಾಮರ್ ಜೊತೆ ಒಂದು ವಿಮಾನ ಪ್ರಯಾಣದಲ್ಲಿ ಕೂತು ಜಾವಾಕ್ಕಾಗಿ ಜೆಯುನಿಟ್ ಶುರು ಮಾಡಿದರು. ಇವತ್ತು ಬೇರೆ ಬೇರೆ ಭಾಷೆಗಳಲ್ಲಿ ಬಳಕೆಯಲ್ಲಿರುವ ಎಷ್ಟೋ ಟೆಸ್ಟ್ ಟೂಲ್‌ಗಳು ಅದೇ ಅಚ್ಚಿನವು.

ಬಹಳ ಜನ ಬಿಟ್ಟುಬಿಡುವುದು ‘ಫೇಲ್ ಆಗುವುದನ್ನು ನೋಡುವ’ ಹಂತವನ್ನು. ಕೋಡ್ ಇನ್ನೂ ಇಲ್ಲ ಎಂದಮೇಲೆ ಫೇಲ್ ಆಗೇ ಆಗುತ್ತದೆ, ಸುಮ್ನೆ ಯಾಕೆ ಓಡಿಸಬೇಕು ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಇಡೀ ಪದ್ಧತಿಯ ಜೀವ ಇರುವುದೇ ಅಲ್ಲಿ. ಒಮ್ಮೆಯೂ ಫೇಲ್ ಆಗದ ಟೆಸ್ಟ್ ಏನನ್ನು ನೋಡುತ್ತಿದೆ, ಅಥವಾ ಏನನ್ನಾದರೂ ನೋಡುತ್ತಿದೆಯಾ ಎಂದು ಹೇಳಲು ಆಗುವುದಿಲ್ಲ.

ಇದು ಬರೀ ವಾದವಲ್ಲ. ಪೈಥಾನ್ ಭಾಷೆಯ ಟೆಸ್ಟ್ ಟೂಲ್ ಆದ ಪೈಟೆಸ್ಟ್‌ನಲ್ಲಿ ಫಂಕ್ಷನ್ ಹೆಸರು ‘ಟೆಸ್ಟ್’ ಎಂಬ ಪದದಿಂದ ಶುರುವಾಗದಿದ್ದರೆ ಆ ಟೆಸ್ಟ್ ಓಡುವುದೇ ಇಲ್ಲ, ಯಾರೂ ದೂರುವುದೂ ಇಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಪ್ರಾಮಿಸ್, ಅಂದರೆ ಆಮೇಲೆ ಬರಲಿರುವ ಉತ್ತರ, ಅದರ ಮುಂದೆ ‘ಕಾಯಿ’ ಎನ್ನುವ ಅವೇಟ್ ಹಾಕುವುದು ಮರೆತರೆ, ಪರೀಕ್ಷೆ ಮುಗಿಯುವ ಮುಂಚೆಯೇ ಟೆಸ್ಟ್ ಪಾಸ್ ಅಂತ ಬಂದುಬಿಡಬಹುದು. ಲೂಪ್ ಒಳಗೆ ಅಸರ್ಟ್, ಅಂದರೆ ಉತ್ತರ ಸರಿಯೇ ಎಂದು ಹೋಲಿಸುವ ಸಾಲು, ಇಟ್ಟು, ಲಿಸ್ಟ್ ಖಾಲಿ ಇದ್ದರೆ ಅಸರ್ಟ್ ಒಂದು ಸಲವೂ ಓಡುವುದಿಲ್ಲ. ಮೂರರಲ್ಲೂ ಸ್ಕ್ರೀನ್ ಮೇಲೆ ಕಾಣುವುದು ಹಸಿರೇ.

ಹಂತ 1: ಎರರ್ ಓದುವುದನ್ನು ರೂಢಿಸಿಕೊಳ್ಳಿ

ಟಿಡಿಡಿಯಲ್ಲಿ ದಿನಕ್ಕೆ ಹತ್ತಾರು ಸಲ ಎರರ್ ನೋಡುತ್ತೀರಿ. ಅದನ್ನು ಓದಲು ಬರಲೇಬೇಕು.

ಎರರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಸಿಂಟ್ಯಾಕ್ಸ್ ಎರರ್. ಕೋಡ್ ಓಡುವ ಮುಂಚೆಯೇ ಕಂಪೈಲರ್ ಅಥವಾ ಎಡಿಟರ್ ತೋರಿಸಿಕೊಡುತ್ತದೆ. ಎರಡನೆಯದು ರನ್‌ಟೈಮ್ ಎರರ್. ಸೊನ್ನೆಯಿಂದ ಭಾಗಿಸಿದಾಗ, ಇಲ್ಲದ ಫೈಲ್ ತೆರೆಯಲು ಹೋದಾಗ ಪ್ರೋಗ್ರಾಂ ಕಿರುಚಿ ನಿಲ್ಲುತ್ತದೆ. ಮೂರನೆಯದು ಲಾಜಿಕ್ ಎರರ್. ಇದು ಕಿರುಚುವುದಿಲ್ಲ. ಪ್ರೋಗ್ರಾಂ ಆರಾಮಾಗಿ ಓಡುತ್ತದೆ, ಉತ್ತರ ಮಾತ್ರ ತಪ್ಪು. ಟಿಡಿಡಿ ಹುಡುಕಿಕೊಂಡು ಹೋಗುವುದು ಜಾಸ್ತಿ ಈ ಮೂರನೆಯದನ್ನೇ.

ಎರರ್ ಆದಾಗ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂದು ತೋರಿಸುವ ಸಾಲುಗಳು, ಅಂದರೆ ಸ್ಟ್ಯಾಕ್ ಟ್ರೇಸ್, ಬಂದಾಗ ಗಾಬರಿಯಾಗಿ ಮೇಲಿನಿಂದ ಕೆಳಗೆ ಪೂರ್ತಿ ಓದಬೇಕಿಲ್ಲ. ಪೈಥಾನ್‌ನಲ್ಲಿ ನಿಜವಾದ ಎರರ್ ಕೊನೆಯ ಸಾಲಿನಲ್ಲಿರುತ್ತದೆ. ಜಾವಾದಲ್ಲಿ ಮೊದಲ ಸಾಲಿನಲ್ಲಿರುತ್ತದೆ, ಆದರೆ ಕೆಳಗೆ ‘ಕಾಸ್ಡ್ ಬೈ’ ಎಂದು ಶುರುವಾಗುವ ಸಾಲುಗಳಿದ್ದರೆ ಅವುಗಳಲ್ಲಿ ಕೊನೆಯದನ್ನು ಮೊದಲು ನೋಡಿ. ಮೂಲ ಕಾರಣ ಸಾಮಾನ್ಯವಾಗಿ ಅಲ್ಲಿರುತ್ತದೆ. ಆಮೇಲೆ ಲೈಬ್ರರಿಯ ಸಾಲುಗಳನ್ನು ದಾಟಿಕೊಂಡು ನೀವೇ ಬರೆದ ಫೈಲ್‌ನ ಹೆಸರು ಎಲ್ಲಿದೆ ಎಂದು ಹುಡುಕಿ.

ಹಂತ 2: ಟೆಸ್ಟ್ ಓಡಿಸುವ ವ್ಯವಸ್ಥೆ

ಪೈಥಾನ್‌ಗೆ ಪೈಟೆಸ್ಟ್, ಜಾವಾಕ್ಕೆ ಜೆಯುನಿಟ್, ಜಾವಾಸ್ಕ್ರಿಪ್ಟ್‌ಗೆ ಜೆಸ್ಟ್ ಅಥವಾ ವಿಟೆಸ್ಟ್. ಗೋ ಮತ್ತು ರಸ್ಟ್‌ನಲ್ಲಿ ಟೆಸ್ಟ್ ಓಡಿಸುವ ಟೂಲ್ ಭಾಷೆಯ ಜೊತೆಗೇ ಬರುತ್ತದೆ. ಯಾವುದನ್ನು ಆರಿಸಿದಿರಿ ಎನ್ನುವುದಕ್ಕಿಂತ ಎರಡು ವಿಷಯ ಮುಖ್ಯ. ಒಂದೇ ಕಮಾಂಡಿಗೆ ಎಲ್ಲ ಟೆಸ್ಟ್ ಓಡಬೇಕು. ಮತ್ತು ಸೆಕೆಂಡುಗಳಲ್ಲಿ ಮುಗಿಯಬೇಕು. ಐದು ನಿಮಿಷ ಕಾಯಿಸುವ ಟೆಸ್ಟ್‌ಗಳನ್ನು ಯಾರೂ ಪ್ರತಿ ಬದಲಾವಣೆಗೂ ಓಡಿಸುವುದಿಲ್ಲ.

ಸೆಟಪ್ ಮುಗಿದ ತಕ್ಷಣ ಬೇಕಂತಲೇ ಒಂದು ತಪ್ಪು ಟೆಸ್ಟ್ ಬರೆಯಿರಿ. ಒಂದಕ್ಕೆ ಒಂದು ಸೇರಿಸಿದರೆ ಮೂರು ಅಂತ. ಓಡಿಸಿ. ಕೆಂಪು ಕಂಡರೆ ವ್ಯವಸ್ಥೆ ಸರಿ ಇದೆ. ಹಸಿರು ಬಂದರೆ ನಿಮ್ಮ ಟೆಸ್ಟ್ ಓಡುತ್ತಲೇ ಇಲ್ಲ.

ಹಂತ 3: ಕೋಡ್ ಮುಟ್ಟುವ ಮುಂಚೆ ಪಟ್ಟಿ

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ಹುಟ್ಟಿದ ದಿನ ಕೊಟ್ಟರೆ ಎಷ್ಟು ವರ್ಷ ತುಂಬಿದೆ ಎಂದು ಹೇಳುವ ಫಂಕ್ಷನ್ ಬೇಕು. ನೋಡಲು ಎರಡು ಸಾಲಿನ ಕೆಲಸ. 18 ತುಂಬಿದವರಿಗೆ ಮಾತ್ರ ಅನ್ನುವ ಜಾಗದಲ್ಲೆಲ್ಲ ಇದು ಬೇಕಾಗುತ್ತದೆ.

ಮೊದಲು ಕಾಗದದ ಮೇಲೋ ಕಾಮೆಂಟ್‌ನಲ್ಲೋ ಪಟ್ಟಿ ಮಾಡಿ:

- ಹುಟ್ಟುಹಬ್ಬದ ದಿನವೇ ಕೇಳಿದರೆ
- ಹುಟ್ಟುಹಬ್ಬದ ಹಿಂದಿನ ದಿನ ಕೇಳಿದರೆ
- ಫೆಬ್ರವರಿ 29ರಂದು ಹುಟ್ಟಿದ್ದರೆ
- ಹುಟ್ಟಿದ ದಿನ ಎಂದು ಕೊಟ್ಟದ್ದು ಇನ್ನೂ ಬಾರದ ದಿನಾಂಕವಾಗಿದ್ದರೆ

ಪಟ್ಟಿ ಪೂರ್ತಿ ಇರಲೇಬೇಕು ಅಂತಿಲ್ಲ. ಕೆಲಸ ಮಾಡುವಾಗ ಹೊಸದು ಹೊಳೆದರೆ ಪಟ್ಟಿಗೆ ಸೇರಿಸಿ, ಕೈಯಲ್ಲಿರುವುದನ್ನು ಮುಗಿಸಿ.

ಹಂತ 4: ಕೆಂಪು, ಅದೂ ಸರಿಯಾದ ಕಾರಣಕ್ಕೆ

ಮೊದಲ ಟೆಸ್ಟ್: 2000ದ ಮಾರ್ಚ್ 1ರಂದು ಹುಟ್ಟಿದವರಿಗೆ 2018ರ ಮಾರ್ಚ್ 1ರಂದು 18. ಓಡಿಸಿದರೆ ‘ಇಂಥ ಫಂಕ್ಷನ್ ಇಲ್ಲ’ ಎಂದು ಎರರ್ ಬರುತ್ತದೆ. ಇದು ಕೆಂಪೇ, ಆದರೆ ನಮಗೆ ಬೇಕಾದ ಕೆಂಪಲ್ಲ. ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೂ ಇದೇ ಎರರ್ ಬರುತ್ತಿತ್ತು.

ಖಾಲಿ ಫಂಕ್ಷನ್ ಬರೆದು 0 ರಿಟರ್ನ್ ಮಾಡಿಸಿ. ಈಗ ಓಡಿಸಿದರೆ ‘18 ಬೇಕಿತ್ತು, 0 ಬಂತು’ ಎನ್ನುತ್ತದೆ. ಇದು ಸರಿಯಾದ ಕೆಂಪು. ಟೆಸ್ಟ್ ಫಂಕ್ಷನ್ನನ್ನು ಕರೆದಿದೆ, ಉತ್ತರ ಪಡೆದಿದೆ, ಹೋಲಿಸಿದೆ, ತಪ್ಪು ಎಂದಿದೆ. ಈ ಮೆಸೇಜನ್ನು ಒಮ್ಮೆ ಓದಿ ನೋಡಿ. ಆರು ತಿಂಗಳ ನಂತರ ಬೇರೆ ಯಾರಿಗೋ ಇದೇ ಮೆಸೇಜ್ ಕಂಡರೆ ಏನಾಯಿತು ಅಂತ ಅರ್ಥ ಆಗುತ್ತದಾ? ಆಗದಿದ್ದರೆ ಟೆಸ್ಟ್‌ನ ಹೆಸರು ಬದಲಿಸಲು ಇದೇ ಸಮಯ. ‘ಟೆಸ್ಟ್ 1’ ಎನ್ನುವ ಹೆಸರಿಗಿಂತ ‘ಹುಟ್ಟುಹಬ್ಬದ ದಿನವೇ ವರ್ಷ ತುಂಬುತ್ತದೆ’ ಎನ್ನುವ ಹೆಸರು ಎಷ್ಟೋ ವಾಸಿ.

ಹಂತ 5: ಹಸಿರು, ಆಮೇಲೆ ಮತ್ತೆ ಕೆಂಪು

ಸ್ವಲ್ಪ ನಿಧಾನವಾಗಿ ಹೋಗೋಣ. ಟಿಡಿಡಿ ಏನು ಕೊಡುತ್ತದೆ ಎಂದು ಕಾಣುವುದು ಇಲ್ಲೇ.

ಮೊದಲು ಹೊಳೆಯುವ ದಾರಿ: ಎರಡು ದಿನಾಂಕಗಳ ನಡುವಿನ ದಿನಗಳನ್ನು ಎಣಿಸಿ, 365ರಿಂದ ಭಾಗಿಸಿ, ದಶಮಾಂಶ ಬಿಟ್ಟುಬಿಡುವುದು. ನಮ್ಮ ಉದಾಹರಣೆಯಲ್ಲಿ 6574 ದಿನ. 18 ವರ್ಷಗಳ 6570 ದಿನ, ಜೊತೆಗೆ 2004, 2008, 2012, 2016ರ ನಾಲ್ಕು ಅಧಿಕ ದಿನ. 365ರಿಂದ ಭಾಗಿಸಿದರೆ 18 ಚಿಲ್ಲರೆ. ಉತ್ತರ 18. ಹಸಿರು.

ಟಿಡಿಡಿ ಇಲ್ಲದೆ ಬರೆಯುವವರು ಇಲ್ಲಿಗೆ ನಿಲ್ಲಿಸುತ್ತಾರೆ. ನಾವು ಪಟ್ಟಿಯ ಎರಡನೆಯದಕ್ಕೆ ಹೋಗೋಣ. 2018ರ ಫೆಬ್ರವರಿ 28ಕ್ಕೆ ಉತ್ತರ 17 ಬರಬೇಕು. ಓಡಿಸಿದರೆ 18 ಬರುತ್ತದೆ. ಕೆಂಪು. ಲೆಕ್ಕ ಹಾಕಿ ನೋಡಿದರೆ ಈ ಕೋಡ್ ಫೆಬ್ರವರಿ 25ರಿಂದಲೇ 18 ಎನ್ನುತ್ತಿದೆ. ನಾಲ್ಕು ಅಧಿಕ ದಿನಗಳಿಗೆ ಸರಿಯಾಗಿ ನಾಲ್ಕು ದಿನ ಮುಂಚೆ.

ಈಗ ಬಹಳ ಜನರ ಕೈ ತಾನಾಗಿ ಹೋಗುವುದು 365.25ರ ಕಡೆಗೆ. ಅಧಿಕ ವರ್ಷ ಬಂತಲ್ಲ, ಸರಿಹೋಗುತ್ತದೆ ಅಂತ. ಹಾಕಿ ಓಡಿಸಿ. ಎರಡನೆಯ ಟೆಸ್ಟ್ ಪಾಸ್. ಆದರೆ ಮೊದಲನೆಯದು ಫೇಲ್! 18ನ್ನು 365.25ರಿಂದ ಗುಣಿಸಿದರೆ 6574.5. ನಮ್ಮ ಹತ್ತಿರ ಇರುವುದು 6574. ಅರ್ಧ ದಿನ ಕಮ್ಮಿ ಬಿದ್ದು, ಹುಟ್ಟುಹಬ್ಬದ ದಿನವೇ 17 ಎನ್ನುತ್ತಿದೆ.

ಮೊದಲ ಟೆಸ್ಟ್ ಇಲ್ಲದೆ ಬರೀ ಎರಡನೆಯದನ್ನು ನೋಡಿಕೊಂಡು ಸರಿಪಡಿಸಿದ್ದರೆ, ಒಂದು ಬಗ್ ತೆಗೆದು ಇನ್ನೊಂದನ್ನು ಕೂರಿಸಿ ಕಮಿಟ್ ಮಾಡುತ್ತಿದ್ದೆವು, ಅಂದರೆ ಕೋಡ್‌ನ ಇತಿಹಾಸದಲ್ಲಿ ಉಳಿಸಿಬಿಡುತ್ತಿದ್ದೆವು. ಹಳೆಯ ಟೆಸ್ಟ್‌ಗಳನ್ನು ಯಾಕೆ ಅಳಿಸಬಾರದು, ಪ್ರತಿ ಸಲ ಎಲ್ಲವನ್ನೂ ಯಾಕೆ ಓಡಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಡ.

ಸರಿಯಾದ ದಾರಿ ದಿನ ಎಣಿಸುವುದಲ್ಲ. ವರ್ಷದಿಂದ ವರ್ಷ ಕಳೆಯಿರಿ. ಈ ವರ್ಷದ ಹುಟ್ಟುಹಬ್ಬ ಇನ್ನೂ ಬಂದಿಲ್ಲದಿದ್ದರೆ, ಅಂದರೆ ತಿಂಗಳು ಮತ್ತು ದಿನ ಹೋಲಿಸಿದಾಗ ಇಂದು ಹಿಂದಿದ್ದರೆ, ಒಂದು ಕಮ್ಮಿ ಮಾಡಿ. ಎರಡೂ ಹಸಿರು.

ಮೂರನೆಯದು ಫೆಬ್ರವರಿ 29. 2004ರ ಆ ದಿನ ಹುಟ್ಟಿದವರಿಗೆ 2022ರಲ್ಲಿ 18 ತುಂಬುವುದು ಫೆಬ್ರವರಿ 28ಕ್ಕಾ, ಮಾರ್ಚ್ 1ಕ್ಕಾ? ನಮ್ಮ ಕೋಡ್ ಮಾರ್ಚ್ 1 ಎನ್ನುತ್ತದೆ. ಆದರೆ ಇದನ್ನು ಕೋಡ್ ತೀರ್ಮಾನ ಮಾಡುವಂತಿಲ್ಲ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಟೆಸ್ಟ್ ಬರೆಯಲು ಕೂತಾಗ ‘ಬೇಕಾದ ಉತ್ತರ’ ಎನ್ನುವ ಜಾಗ ಖಾಲಿ ಉಳಿಯುತ್ತದೆ, ಎದ್ದು ಹೋಗಿ ಸಂಬಂಧಪಟ್ಟವರನ್ನು ಕೇಳಲೇಬೇಕಾಗುತ್ತದೆ. ಕೇಳಿ ಬಂದ ಉತ್ತರವನ್ನು ಟೆಸ್ಟ್‌ನ ಹೆಸರಿನಲ್ಲೇ ಬರೆದಿಡಿ. ಮುಂದೆ ಯಾರೂ ಇದನ್ನು ಬಗ್ ಅಂದುಕೊಂಡು ‘ಸರಿಮಾಡಲು’ ಹೋಗುವುದಿಲ್ಲ.

ಹಂತ 6: ಗಡಿಯಾರವನ್ನು ಹೊರಗಿಡಿ

ಮೇಲಿನ ಫಂಕ್ಷನ್‌ಗೆ ‘ಇಂದು’ ಎನ್ನುವುದನ್ನೂ ನಾವೇ ಕೊಟ್ಟೆವು. ಫಂಕ್ಷನ್ ಒಳಗೇ ಸಿಸ್ಟಂ ಗಡಿಯಾರ ನೋಡುವಂತೆ ಬರೆದಿದ್ದರೆ, ಇವತ್ತು ಪಾಸ್ ಆದ ಟೆಸ್ಟ್ ಮುಂದಿನ ವರ್ಷ ತಾನಾಗೇ ಫೇಲ್ ಆಗುತ್ತಿತ್ತು. ಸಮಯ, ರ‍್ಯಾಂಡಮ್ ಸಂಖ್ಯೆ, ನೆಟ್‌ವರ್ಕ್, ಇವೆಲ್ಲ ಹೊರಗಿನಿಂದ ಬರಲಿ. ಟೆಸ್ಟ್‌ಗೆ ಮೊದಲು ಕೂತರೆ ಇದು ತಾನಾಗೇ ಆಗುತ್ತದೆ. ಯಾಕೆಂದರೆ ಗಡಿಯಾರ ಒಳಗಿದ್ದರೆ ಟೆಸ್ಟ್ ಬರೆಯಲಿಕ್ಕೇ ಕಷ್ಟ. ಟೈಮ್ ಝೋನ್ ವಿಷಯವೂ ಇಲ್ಲೇ ಬರುತ್ತದೆ: ಸರ್ವರ್ ಯುಟಿಸಿಯಲ್ಲಿದ್ದು (ಜಗತ್ತಿನ ಮಾನಕ ಸಮಯ) ಬಳಸುವವರು ಬೇರೆ ಕಡೆ ಇದ್ದರೆ, ದಿನದ ಕೆಲವು ಗಂಟೆ ಇಬ್ಬರ ‘ಇಂದು’ ಒಂದೇ ಆಗಿರುವುದಿಲ್ಲ.

ಹಂತ 7: ಎರರ್‌ಗೂ ಟೆಸ್ಟ್ ಬೇಕು

ಹುಟ್ಟಿದ ದಿನ ಮುಂದಿನ ವರ್ಷದ್ದಾಗಿದ್ದರೆ? ‘-1’ ರಿಟರ್ನ್ ಮಾಡುವ ಹಳೆಯ ಅಭ್ಯಾಸವೊಂದಿದೆ. ದಯವಿಟ್ಟು ಬೇಡ. ಯಾರೋ ಎಲ್ಲರ ಸರಾಸರಿ ವಯಸ್ಸು ತೆಗೆಯುವಾಗ ಆ -1 ಕೂಡ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಎಕ್ಸೆಪ್ಷನ್ ಎಸೆಯಿರಿ, ಅಂದರೆ ಫಂಕ್ಷನ್ ಉತ್ತರ ಕೊಡುವ ಬದಲು ಎರರ್ ಎತ್ತಲಿ. ಎರಡೂ ದಿನಾಂಕ ಮೆಸೇಜ್‌ನಲ್ಲಿ ಬರಲಿ.

ಎಕ್ಸೆಪ್ಷನ್‌ಗೆ ಟೆಸ್ಟ್ ಬರೆಯುವಾಗ ಒಂದು ಜಾಗ ಜಾರುತ್ತದೆ. ‘ಯಾವುದೋ ಎರರ್ ಬಂದರೆ ಪಾಸ್’ ಎಂದು ಬರೆದರೆ, ಫಂಕ್ಷನ್ ಹೆಸರು ತಪ್ಪಾಗಿ ಟೈಪ್ ಮಾಡಿದ್ದರೂ ಟೆಸ್ಟ್ ಪಾಸ್. ಅದಕ್ಕೇ ಯಾವ ಬಗೆಯ ಎಕ್ಸೆಪ್ಷನ್, ಮೆಸೇಜ್‌ನಲ್ಲಿ ಏನಿರಬೇಕು ಎರಡನ್ನೂ ಹೇಳಿ. ಇನ್ನು ಎಕ್ಸೆಪ್ಷನ್ ಹಿಡಿದು ಏನೂ ಮಾಡದೆ ಬಿಡುವ ಖಾಲಿ ಕ್ಯಾಚ್ ಬ್ಲಾಕ್ ಕಂಡರೆ, ಅಲ್ಲಿ ಒಂದು ಟೆಸ್ಟ್ ಕಮ್ಮಿ ಇದೆ ಎಂದೇ ಲೆಕ್ಕ.

ಹಂತ 8: ರಿಫ್ಯಾಕ್ಟರ್

ಎಲ್ಲ ಹಸಿರಿದ್ದಾಗ ಮಾತ್ರ. ಹೆಸರು ಬದಲಿಸಿ, ಓಡಿಸಿ. ಪುನರಾವರ್ತನೆ ತೆಗೆಯಿರಿ, ಓಡಿಸಿ. ಕೋಡನ್ನೂ ಟೆಸ್ಟನ್ನೂ ಒಟ್ಟಿಗೆ ತಿದ್ದಬೇಡಿ. ಎರಡೂ ಒಟ್ಟಿಗೆ ಬದಲಾದರೆ ಯಾವುದನ್ನು ನಂಬುವುದು? ಕೆಂಪಾದರೆ ತಲೆ ಕೆಡಿಸಿಕೊಳ್ಳುವ ಬದಲು ಹಿಂದಿನ ಹಸಿರು ಕಮಿಟ್‌ಗೆ ವಾಪಸ್ ಹೋಗಿ. ಚಿಕ್ಕ ಚಿಕ್ಕ ಕಮಿಟ್ ಮಾಡಿಕೊಂಡು ಬಂದಿದ್ದರೆ ಕಳೆದುಕೊಳ್ಳುವುದು ಕೆಲವೇ ನಿಮಿಷ.

ಹಂತ 9: ಪ್ರೊಡಕ್ಷನ್‌ನಿಂದ ಬಗ್ ಬಂದಾಗ

ಪ್ರೊಡಕ್ಷನ್ ಅಂದರೆ ಜನ ನಿಜವಾಗಿ ಬಳಸುತ್ತಿರುವ ಸಿಸ್ಟಂ. ಇಲ್ಲಿ ಆತುರ ಜಾಸ್ತಿ, ಆದ್ದರಿಂದಲೇ ಶಿಸ್ತು ಮುಖ್ಯ. ಮೊದಲು ಬಗ್ ನಿಮ್ಮ ಮೆಷೀನ್‌ನಲ್ಲಿ ಮತ್ತೆ ಕಾಣುವಂತೆ ಮಾಡಿ. ಇನ್‌ಪುಟ್ ದೊಡ್ಡದಿದ್ದರೆ ಅರ್ಧ ತೆಗೆದು ನೋಡಿ, ಇನ್ನೂ ಅರ್ಧ ತೆಗೆದು ನೋಡಿ. ಸಾವಿರ ಸಾಲಿನ ಫೈಲ್ ಬದಲು ಎರಡು ಸಾಲಿನಲ್ಲೇ ಬಗ್ ಕಂಡರೆ ಅರ್ಧ ಕೆಲಸ ಮುಗಿಯಿತು. ಆ ಎರಡು ಸಾಲನ್ನೇ ಟೆಸ್ಟ್ ಮಾಡಿ. ಕೆಂಪು ನೋಡಿ. ಆಮೇಲೆ ಕೋಡ್ ಸರಿಪಡಿಸಿ.

ಹಸಿರಾದ ಮೇಲೆ ಇನ್ನೊಂದು ಕೆಲಸ ಉಳಿಯಿತು: ನೀವು ಮಾಡಿದ ಬದಲಾವಣೆಯನ್ನು ಒಂದು ಕ್ಷಣ ವಾಪಸ್ ತೆಗೆದು ಟೆಸ್ಟ್ ಮತ್ತೆ ಕೆಂಪಾಗುತ್ತದೆಯೇ ನೋಡಿ. ಆಗದಿದ್ದರೆ ಹಸಿರಿಗೆ ಕಾರಣ ನಿಮ್ಮ ಬದಲಾವಣೆ ಅಲ್ಲ, ಬೇರೆ ಏನೋ.

ಬಗ್ ಯಾವಾಗ ಒಳಗೆ ಬಂತು ಎಂದು ಗೊತ್ತಿಲ್ಲದಿದ್ದರೆ, ಕೋಡ್‌ನ ಇತಿಹಾಸ ಇಟ್ಟುಕೊಳ್ಳುವ ಗಿಟ್ ಎಂಬ ಟೂಲ್‌ನಲ್ಲಿ ಬೈಸೆಕ್ಟ್ ಎಂಬ ಕಮಾಂಡ್ ಇದೆ. ಸರಿಯಿದ್ದ ಒಂದು ಕಮಿಟ್, ಕೆಟ್ಟಿರುವ ಒಂದು ಕಮಿಟ್ ಹೇಳಿದರೆ ಮಧ್ಯದ್ದನ್ನು ತೆಗೆದು ಕೊಡುತ್ತಾ ಹೋಗುತ್ತದೆ. 1000 ಕಮಿಟ್ ಇದ್ದರೂ ಸುಮಾರು 10 ಸಲಕ್ಕೆ ತಪ್ಪಿತಸ್ಥ ಕಮಿಟ್ ಸಿಗುತ್ತದೆ. ಬೈಸೆಕ್ಟ್ ರನ್‌ಗೆ ನಿಮ್ಮ ಟೆಸ್ಟ್ ಕಮಾಂಡ್ ಕೊಟ್ಟುಬಿಟ್ಟರೆ ಅದೇ ಹುಡುಕಿಕೊಳ್ಳುತ್ತದೆ: ಕಮಾಂಡ್ ಮುಗಿದಾಗ ಕೊಡುವ ಸಂಖ್ಯೆ, ಅಂದರೆ ಎಕ್ಸಿಟ್ ಕೋಡ್, 0 ಬಂದರೆ ಸರಿ, 1 ಬಂದರೆ ಕೆಟ್ಟದ್ದು, 125 ಬಂದರೆ ಆ ಕಮಿಟ್ ಬಿಟ್ಟು ಮುಂದೆ.

ಟೆಸ್ಟೇ ಇಲ್ಲದ ಹಳೆಯ ಕೋಡ್ ಆಗಿದ್ದರೆ, ಅದು ಈಗ ಏನು ಮಾಡುತ್ತಿದೆಯೋ ಅದನ್ನೇ ಟೆಸ್ಟ್ ಆಗಿ ಬರೆದಿಡಿ, ಅದು ತಪ್ಪೆಂದು ಅನಿಸಿದರೂ ಸರಿ. ಬೇಕಾದ ಕಡೆ ಮಾತ್ರ ಬರೆಯಿರಿ. ಇಡೀ ಪ್ರಾಜೆಕ್ಟ್‌ಗೆ ಟೆಸ್ಟ್ ಬರೆಯುತ್ತೇವೆ ಎಂದು ಹೊರಟ ತಂಡಗಳು ಅರ್ಧಕ್ಕೆ ಸುಸ್ತಾಗುತ್ತವೆ. ಬಗ್ ಬಂದ ಕಡೆ, ಈ ವಾರ ಬದಲಿಸಬೇಕಾದ ಕಡೆ ಮೊದಲು.

ಹಂತ 10: ಮಾಕ್ ಬಳಸುವಾಗ ಎಚ್ಚರ

ಡೇಟಾಬೇಸ್, ಬೇರೆ ಸರ್ವಿಸ್‌ಗಳ ಜಾಗದಲ್ಲಿ ನಕಲಿ, ಅಂದರೆ ಮಾಕ್, ಇಟ್ಟುಕೊಂಡರೆ ಟೆಸ್ಟ್ ವೇಗವಾಗಿ ಓಡುತ್ತದೆ. ಆದರೆ ನಕಲಿ ಹೇಳುವುದು ನೀವು ಹೇಳಿಕೊಟ್ಟದ್ದನ್ನೇ.

1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಶುರುವಾಗಿ 40 ಸೆಕೆಂಡಿನೊಳಗೆ ಛಿದ್ರವಾಯಿತು. ದಿಕ್ಕು ತಿಳಿಸುವ ಸಿಸ್ಟಂನ ಕೋಡ್ ಏರಿಯಾನ್ 4ರಿಂದ ಬಂದಿತ್ತು. ಅದು 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುತ್ತಿತ್ತು. ಹೊಸ ರಾಕೆಟ್‌ನ ವೇಗ ಜಾಸ್ತಿ, ಸಂಖ್ಯೆ ಹಿಡಿಸಲಿಲ್ಲ. ಇದಕ್ಕೆ ಟೆಸ್ಟ್ ಇರಲಿಲ್ಲವೇ? ರಾಕೆಟ್‌ನ ಸಿಮ್ಯುಲೇಷನ್ ನಡೆದಿತ್ತು. ಆದರೆ ಅದರಲ್ಲಿ ಈ ಸಿಸ್ಟಂನ ಜಾಗದಲ್ಲಿ ಅದರಂತೆ ನಟಿಸುವ ಬೇರೆ ಸಾಫ್ಟ್‌ವೇರ್ ಇತ್ತು. ನಕಲಿ ಸರಿಯಾಗಿ ನಡೆದುಕೊಂಡಿತು, ಅಸಲಿ ಕೈಕೊಟ್ಟಿತು.

1999ರಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನಾಸಾ ನೌಕೆ ಕಳೆದುಹೋದದ್ದು ಎರಡು ಪ್ರೋಗ್ರಾಂಗಳ ನಡುವಿನ ಸಂದಿಯಲ್ಲಿ. ಒಂದು ಪೌಂಡ್ ಅಳತೆಯಲ್ಲಿ ಸಂಖ್ಯೆ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್ ಎಂದು ಓದಿಕೊಂಡಿತು. ಇಂಥದ್ದನ್ನು ಒಂದೊಂದು ಭಾಗವನ್ನೇ ಬೇರೆಯಾಗಿ ನೋಡುವ ಯೂನಿಟ್ ಟೆಸ್ಟ್ ಹಿಡಿಯುವುದು ಕಷ್ಟ. ಅದಕ್ಕೇ ಅಸಲಿ ಡೇಟಾಬೇಸ್, ಅಸಲಿ ಸರ್ವಿಸ್ ಜೊತೆ ಓಡುವ ಕೆಲವು ಇಂಟಿಗ್ರೇಷನ್ ಟೆಸ್ಟ್‌ಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ನಿಧಾನ ಆದರೂ ಪರವಾಗಿಲ್ಲ, ಅವು ಹೊಸ ಕೋಡನ್ನು ಮುಖ್ಯ ಕೋಡ್‌ಗೆ ಸೇರಿಸುವ, ಅಂದರೆ ಮರ್ಜ್ ಮಾಡುವ, ಮುಂಚೆ ಟೆಸ್ಟ್‌ಗಳನ್ನು ತಾನಾಗೇ ಓಡಿಸುವ ಸಿಐ ಸರ್ವರ್‌ನಲ್ಲಿ ಓಡಿದರೆ ಸಾಕು.

ಹಂತ 11: ಟೆಸ್ಟ್‌ಗಳನ್ನೇ ಪರೀಕ್ಷಿಸಿ

ಟೆಸ್ಟ್ ಓಡಿದಾಗ ಕೋಡ್‌ನ ಶೇಕಡಾ ಎಷ್ಟು ಸಾಲು ಓಡಿತು ಎನ್ನುವ ಲೆಕ್ಕಕ್ಕೆ ಕವರೇಜ್ ಎನ್ನುತ್ತಾರೆ. ಕವರೇಜ್ 100 ಬಂದರೆ ಎಲ್ಲ ಸಾಲೂ ಓಡಿದೆ ಎಂದಷ್ಟೇ ಅರ್ಥ. ಉತ್ತರವನ್ನು ಯಾರಾದರೂ ನೋಡಿದರೇ ಎನ್ನುವುದು ಅದಕ್ಕೆ ಗೊತ್ತಿಲ್ಲ. ಒಂದೂ ಅಸರ್ಟ್ ಇಲ್ಲದೆ 100 ತರಬಹುದು. ಕವರೇಜ್ ಸಂಖ್ಯೆಯನ್ನು ತಂಡಕ್ಕೆ ಗುರಿಯಾಗಿ ಕೊಡುವುದು ನನಗೆ ಇಷ್ಟವಿಲ್ಲ. ಕೊಟ್ಟ ದಿನದಿಂದ ಜನ ಸಂಖ್ಯೆಗಾಗಿ ಟೆಸ್ಟ್ ಬರೆಯುತ್ತಾರೆ. ಓಡದ ಸಾಲು ಯಾವುದು ಎಂದು ಹುಡುಕಲು ಮಾತ್ರ ಬಳಸಿ.

ಅದಕ್ಕಿಂತ ಕಠಿಣವಾದದ್ದು ಮ್ಯುಟೇಷನ್ ಟೆಸ್ಟಿಂಗ್. ಟೂಲ್ ನಿಮ್ಮ ಕೋಡನ್ನು ಬೇಕಂತಲೇ ಕೆಡಿಸುತ್ತದೆ. ‘ಕಮ್ಮಿ’ ಇದ್ದ ಕಡೆ ‘ಕಮ್ಮಿ ಅಥವಾ ಸಮ’ ಮಾಡುತ್ತದೆ, ಕೂಡುವ ಕಡೆ ಕಳೆಯುತ್ತದೆ. ಆಮೇಲೆ ಟೆಸ್ಟ್ ಓಡಿಸಿ ಯಾವುದಾದರೂ ಕೆಂಪಾಯಿತೇ ನೋಡುತ್ತದೆ. ಎಲ್ಲ ಹಸಿರೇ ಉಳಿದರೆ ಅಲ್ಲಿ ಕಾವಲು ಇಲ್ಲ. ನಮ್ಮ ವಯಸ್ಸಿನ ಫಂಕ್ಷನ್‌ನಲ್ಲಿ ಹೋಲಿಕೆಯನ್ನು ಹೀಗೆ ಕೆಡಿಸಿದರೆ ಹುಟ್ಟುಹಬ್ಬದ ದಿನದ ಟೆಸ್ಟ್ ತಕ್ಷಣ ಕೆಂಪಾಗುತ್ತದೆ. ಜಾವಾಕ್ಕೆ ಪಿಟ್, ಪೈಥಾನ್‌ಗೆ ಮ್ಯೂಟ್‌ಮಟ್, ಜಾವಾಸ್ಕ್ರಿಪ್ಟ್‌ಗೆ ಸ್ಟ್ರೈಕರ್ ಇದೆ. ಇಡೀ ಪ್ರಾಜೆಕ್ಟ್ ಮೇಲೆ ಓಡಿಸಿದರೆ ತುಂಬಾ ಹೊತ್ತು ಹಿಡಿಯುತ್ತದೆ, ಮುಖ್ಯವಾದ ಒಂದೆರಡು ಮಾಡ್ಯೂಲ್‌ಗೆ ಸಾಕು.

ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಫ್ಲೇಕಿ ಟೆಸ್ಟ್ ಇದ್ದರೆ ‘ಮತ್ತೊಮ್ಮೆ ಓಡಿಸು, ಸರಿಹೋಗುತ್ತದೆ’ ಎನ್ನುವ ಅಭ್ಯಾಸ ಬೆಳೆಯಲು ಬಿಡಬೇಡಿ. ಕೆಂಪು ಕಂಡರೂ ಯಾರೂ ತಿರುಗಿ ನೋಡದಂತಾಗುತ್ತದೆ. ಕಾರಣ ಸಾಮಾನ್ಯವಾಗಿ ಇವುಗಳಲ್ಲೊಂದು: ಒಂದು ಟೆಸ್ಟ್ ಬಿಟ್ಟುಹೋದ ಡೇಟಾವನ್ನು ಇನ್ನೊಂದು ಓದುವುದು, ಗಡಿಯಾರ, ನೆಟ್‌ವರ್ಕ್, ಅಥವಾ ‘ಎರಡು ಸೆಕೆಂಡ್ ಕಾಯಿ’ ಎಂಬ ಸ್ಲೀಪ್. ಟೆಸ್ಟ್‌ಗಳ ಕ್ರಮ ಅದಲುಬದಲು ಮಾಡಿ ಓಡಿಸಿದರೆ ಮೊದಲನೆಯದು ಬೇಗ ಹೊರಬರುತ್ತದೆ. ಆ ದಿನವೇ ಸರಿಮಾಡಲು ಆಗದಿದ್ದರೆ ಅದನ್ನು ಮುಖ್ಯ ಗುಂಪಿನಿಂದ ಬೇರೆ ಇಟ್ಟು, ಯಾರು ನೋಡಿಕೊಳ್ಳುತ್ತಾರೆ ಎಂದು ಹೆಸರು ಬರೆದಿಡಿ.

ಟಿಡಿಡಿ ಬೇಡದ ಕಡೆ

ಸ್ಕ್ರೀನ್ ಹೇಗೆ ಕಾಣಬೇಕು ಎಂದು ಬಣ್ಣ, ಜಾಗ ಹೊಂದಿಸುವಾಗ ಟೆಸ್ಟ್ ಮೊದಲು ಬರೆದು ಲಾಭವಿಲ್ಲ. ಕಣ್ಣಿನಿಂದ ನೋಡಿಯೇ ತೀರ್ಮಾನಿಸಬೇಕು. ಹೊಸ ಲೈಬ್ರರಿ ಹೇಗೆ ನಡೆದುಕೊಳ್ಳುತ್ತದೆ ಎಂದೇ ಗೊತ್ತಿಲ್ಲದಾಗಲೂ ಹಾಗೆಯೇ. ಬೇಕಾದ ಉತ್ತರ ಏನು ಅಂತಲೇ ಗೊತ್ತಿಲ್ಲದಿದ್ದರೆ ಟೆಸ್ಟ್‌ನಲ್ಲಿ ಏನು ಬರೆಯುವುದು? ಅಂಥ ಕಡೆ ಟೆಸ್ಟ್ ಇಲ್ಲದೆ ಒಂದಷ್ಟು ಹೊತ್ತು ಆಡಿ ನೋಡಿ, ಇದಕ್ಕೆ ಸ್ಪೈಕ್ ಅನ್ನುತ್ತಾರೆ. ಕಷ್ಟ ಇರುವುದು ಅದು ಮುಗಿದ ಮೇಲೆ. ‘ಓಡ್ತಾ ಇದೆಯಲ್ಲ, ಇದನ್ನೇ ಕಳಿಸೋಣ’ ಎನ್ನುವ ಮಾತು ಬಂದೇ ಬರುತ್ತದೆ. ಆಗ ಆ ಕೋಡನ್ನು ಪಕ್ಕದ ಕಿಟಕಿಯಲ್ಲಿ ತೆರೆದಿಟ್ಟುಕೊಂಡು, ಹೊಸ ಬ್ರಾಂಚ್ ತೆಗೆದು, ಹಂತ 3ರ ಪಟ್ಟಿಯಿಂದ ಶುರುಮಾಡಿ. ಕಲಿತದ್ದು ತಲೆಯಲ್ಲಿರುವುದರಿಂದ ಎರಡನೆಯ ಸಲ ಬರೆಯುವುದಕ್ಕೆ ಅಷ್ಟು ಹೊತ್ತು ಹಿಡಿಯುವುದಿಲ್ಲ.